ಬೈಪಾಸ್‌ಗೆ ಮುಂಚೆ ಪೆಟ್ ಸ್ಕ್ಯಾನ್: ಹೃದಯದ ಯಾವ ಗೋಡೆಗೆ ಇನ್ನೂ ಜೀವವಿದೆ?

ಎಕೋ ವರದಿಯಲ್ಲಿ ಇಎಫ್ (ಎಡ ಹೃತ್ಕುಕ್ಷಿ ತನ್ನೊಳಗಿನ ರಕ್ತದಲ್ಲಿ ಒಂದು ಬಡಿತಕ್ಕೆ ಹೊರದಬ್ಬುವ ಶೇಕಡಾ ಪಾಲು) 28 ಎಂದು ಬರೆದಿದೆ. ಹೃದಯದ ಮುಂಗೋಡೆಯೂ ತುದಿಯೂ ಅಲುಗಾಡುತ್ತಿಲ್ಲ. ಆಂಜಿಯೋಗ್ರಾಮ್ ನೋಡಿದರೆ ಮೂರೂ ರಕ್ತನಾಳಗಳಲ್ಲಿ ಬ್ಲಾಕ್. ಬೈಪಾಸ್ ಮಾಡಿದರೆ ಈ ಹೃದಯ ಚೇತರಿಸಿಕೊಂಡೀತೋ, ಇಲ್ಲ ಎದೆ ಸೀಳಿದ ನೋವಷ್ಟೇ ಉಳಿದೀತೋ? ಈ ಪ್ರಶ್ನೆಗೆ ಉತ್ತರದ ಒಂದು ಪಾಲನ್ನು ಕೊಡುವುದು ಎಫ್‌ಡಿಜಿ ಪೆಟ್ ಸ್ಕ್ಯಾನ್. ಪೂರ್ತಿ ಉತ್ತರವನ್ನಲ್ಲ, ಒಂದು ಪಾಲನ್ನು. ಆ ಪಾಲು ಸರಿಯಾಗಿ ಸಿಗಬೇಕಾದರೆ ಯಂತ್ರಕ್ಕಿಂತ ಮುಖ್ಯವಾದದ್ದು ಆ ದಿನ ಬೆಳಿಗ್ಗೆ ರೋಗಿಯ ರಕ್ತದಲ್ಲಿ ಶುಗರ್ ಎಷ್ಟಿತ್ತು, ಇನ್ಸುಲಿನ್ ಎಷ್ಟು ಕೊಟ್ಟರು ಎನ್ನುವುದು. ಹಾಗಾಗಿ ಇಲ್ಲಿ ತಯಾರಿಯ ಬಗ್ಗೆಯೇ ಹೆಚ್ಚು ಬರೆದಿದೆ. ಪರೀಕ್ಷೆ ಕೆಡುವುದು ಹೆಚ್ಚಾಗಿ ಅಲ್ಲೇ.

ಅಲುಗಾಡದ ಗೋಡೆಯೆಲ್ಲ ಸತ್ತ ಗೋಡೆಯಲ್ಲ. ರಕ್ತ ಸಾಲದೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವ ಸ್ನಾಯು ಕುಗ್ಗಿ ಹಿಗ್ಗುವ ಕೆಲಸ ಬಿಟ್ಟು, ಜೀವ ಹಿಡಿದುಕೊಳ್ಳುವಷ್ಟಕ್ಕೆ ಮಾತ್ರ ಇಂಧನ ಬಳಸುತ್ತದೆ. 1980ರ ದಶಕದಲ್ಲಿ ಹೃದ್ರೋಗ ತಜ್ಞ ರಹಿಮ್ತೂಲಾ ಇದನ್ನು ಹೈಬರ್ನೇಷನ್ ಎಂದು ವಿವರಿಸಿದರು. ನಾವು ಮಲಗಿರುವ ಸ್ನಾಯು ಎನ್ನೋಣ. ರಕ್ತ ಮತ್ತೆ ಹರಿದರೆ ಅದು ಎದ್ದೀತು. ಹಿಂದಿನ ಹಾರ್ಟ್ ಅಟ್ಯಾಕ್‌ನಲ್ಲಿ ಸತ್ತು ನಾರುಗಟ್ಟಿದ ಸ್ನಾಯು ಮಾತ್ರ ಎಷ್ಟು ರಕ್ತ ಹರಿಸಿದರೂ ಏಳದು. ಎಕೋದಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಇವೆರಡನ್ನು ಬೇರ್ಪಡಿಸುವುದು ಊಟದ ಲೆಕ್ಕ. ಆರೋಗ್ಯವಂತ ಹೃದಯ ಉಪವಾಸದಲ್ಲಿ ಮುಖ್ಯವಾಗಿ ಕೊಬ್ಬಿನ ಆಮ್ಲಗಳನ್ನು ಸುಡುತ್ತದೆ, ಅದಕ್ಕೆ ಆಮ್ಲಜನಕ ಹೆಚ್ಚು ಬೇಕು. ರಕ್ತ ಸಾಲದ ಸ್ನಾಯು ಕೊಬ್ಬನ್ನು ಬಿಟ್ಟು ಗ್ಲೂಕೋಸ್‌ಗೆ ಹೊರಳುತ್ತದೆ. ಸತ್ತ ಸ್ನಾಯುವಿಗೆ ಎರಡೂ ಬೇಡ. ಎಫ್‌ಡಿಜಿ ಎಂದರೆ ಗ್ಲೂಕೋಸ್‌ನ ವೇಷ ಹಾಕಿದ, ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಅಣು. ಜೀವಕೋಶ ಅದನ್ನು ಸಕ್ಕರೆ ಎಂದೇ ಒಳಗೆ ಬಿಟ್ಟುಕೊಂಡು ಫಾಸ್ಫೇಟ್ ಜೋಡಿಸುತ್ತದೆ. ಮುಂದಿನ ಹಂತಕ್ಕೆ ಹೋಗಲಾಗದೆ ಅದು ಅಲ್ಲೇ ಸಿಕ್ಕಿಬೀಳುತ್ತದೆ, ಯಂತ್ರಕ್ಕೆ ಹೊಳೆಯುತ್ತದೆ. ರಕ್ತ ಹರಿಯುವ ಚಿತ್ರವೊಂದು, ಸಕ್ಕರೆ ತಿನ್ನುವ ಚಿತ್ರವೊಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 1986ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ತಂಡ ಬೈಪಾಸ್ ರೋಗಿಗಳಲ್ಲಿ ತೋರಿಸಿದ್ದು ಇದನ್ನೇ: ರಕ್ತ ಕಡಿಮೆಯಾದರೂ ಸಕ್ಕರೆ ತಿನ್ನುವ ಗೋಡೆಗಳು ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತವೆ.

ಯಾರಿಗೆ ಬೇಕು, ಯಾರಿಗೆ ಬೇಡ

ಎದೆನೋವೇ ಮುಖ್ಯ ತೊಂದರೆಯಾಗಿದ್ದು, ಇಎಫ್ ಚೆನ್ನಾಗಿದ್ದು, ಎಡ ಮುಖ್ಯ ನಾಳದಲ್ಲಿ ದೊಡ್ಡ ಬ್ಲಾಕ್ ಇದ್ದರೆ ಈ ಸ್ಕ್ಯಾನ್‌ಗಾಗಿ ಕಾಯುವುದು ತಪ್ಪು. ಅಂಥವರ ಸ್ನಾಯು ಬದುಕಿರುವುದಕ್ಕೆ ಆ ನೋವೇ ಸಾಕ್ಷಿ. ಸ್ಕ್ಯಾನ್ ಬೇಕಾಗುವುದು ಇಎಫ್ 35–40ಕ್ಕಿಂತ ಕೆಳಗಿಳಿದು, ನೋವಿಗಿಂತ ಏದುಸಿರು ಮತ್ತು ಕಾಲೂತವೇ ಮುಂದಾಗಿ, ಹಳೆಯ ಅಟ್ಯಾಕ್‌ನ ಚರಿತ್ರೆ ಇದ್ದು, ಶಸ್ತ್ರಚಿಕಿತ್ಸೆಯ ಅಪಾಯವೂ ಲಾಭವೂ ತಕ್ಕಡಿಯಲ್ಲಿ ಸಮನಾಗಿ ತೂಗುವಾಗ. ಎಂಆರ್‌ಐ ಕೂಡ ಇದೇ ಪ್ರಶ್ನೆಗೆ ಉತ್ತರಿಸುತ್ತದೆ. ಅದರಲ್ಲಿ ಕಲೆ ಗೋಡೆಯ ಅರ್ಧಕ್ಕಿಂತ ಹೆಚ್ಚು ದಪ್ಪವನ್ನು ಆವರಿಸಿದ್ದರೆ ಚೇತರಿಕೆಯ ಆಸೆ ಕಡಿಮೆ. ಆದರೆ ಎಐಸಿಡಿ (ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ, ಎದೆಯಲ್ಲಿ ಕೂರಿಸುವ ಯಂತ್ರ) ಹಾಕಿಸಿಕೊಂಡವರಲ್ಲಿ ಎಂಆರ್‌ಐ ಚಿತ್ರ ಕೆಡಬಹುದು, ಕಿಡ್ನಿ ತೀರಾ ಸೋತವರಿಗೆ ಎಂಆರ್‌ಐಯಲ್ಲಿ ಕಲೆ ಕಾಣಿಸಲು ಚುಚ್ಚುವ ಗ್ಯಾಡೋಲಿನಿಯಂ ಕೊಡಲು ಹಿಂಜರಿಯಬೇಕಾಗುತ್ತದೆ, ಉಸಿರು ಹಿಡಿಯಲಾಗದವರು ಆ ಕೊಳವೆಯಲ್ಲಿ ಮಲಗಲಾರರು. ಇವರಿಗೆಲ್ಲ ಪೆಟ್ ಒಳ್ಳೆಯ ದಾರಿ. ಅಟ್ಯಾಕ್ ಆಗಿ ಎರಡು ವಾರವೂ ಆಗಿರದಿದ್ದರೆ, ತುರ್ತಿಲ್ಲದ ಪಕ್ಷದಲ್ಲಿ ತಡೆಯಿರಿ. ಹಸಿಗಾಯದ ಉರಿಯೂತವೂ ಸಕ್ಕರೆ ತಿಂದು ಹೊಳೆಯುತ್ತದೆ.

ಬುಕಿಂಗ್ ಮಾಡುವಾಗಲೇ ಆಗುವ ತಪ್ಪು

ಪೆಟ್ ಕೇಂದ್ರಗಳಿಗೆ ಬರುವವರಲ್ಲಿ ಬಹುಪಾಲು ಕ್ಯಾನ್ಸರ್ ರೋಗಿಗಳು. ಅವರಿಗೆ ಹೇಳುವುದು ಒಂದೇ: ಖಾಲಿ ಹೊಟ್ಟೆಯಲ್ಲಿ ಬನ್ನಿ, ಸಕ್ಕರೆ ಮುಟ್ಟಬೇಡಿ. ಹೃದಯದ ಸಾರ್ಕಾಯ್ಡ್ (ಒಂದು ಬಗೆಯ ಉರಿಯೂತದ ಕಾಯಿಲೆ) ಪರೀಕ್ಷೆಗೆ ಬರುವವರಿಗೆ ಹಿಂದಿನ ದಿನ ಕೊಬ್ಬು ಹೆಚ್ಚು ತಿನ್ನಿ, ಅನ್ನ ಚಪಾತಿ ಬಿಡಿ ಎನ್ನುತ್ತಾರೆ. ನಮ್ಮ ಪರೀಕ್ಷೆಗೆ ಬೇಕಾದದ್ದು ಇದಕ್ಕೆ ತೀರಾ ಉಲ್ಟಾ. ಇಲ್ಲಿ ಹೃದಯಕ್ಕೆ ನಾವೇ ಸಕ್ಕರೆ ಕುಡಿಸುತ್ತೇವೆ. ಕೌಂಟರ್‌ನಲ್ಲಿ ‘ಕಾರ್ಡಿಯಾಕ್ ಪೆಟ್’ ಎಂದಷ್ಟೇ ಬರೆಸಿದರೆ ಯಾವ ಚೀಟಿ ಕೈಗೆ ಬರುತ್ತದೋ ಹೇಳಲಾಗದು. ‘ವಯಬಿಲಿಟಿ ಸ್ಟಡಿ, ಗ್ಲೂಕೋಸ್ ಲೋಡಿಂಗ್ ಸಹಿತ’ (ಸ್ನಾಯುವಿಗೆ ಜೀವವಿದೆಯೇ ಎಂದು ಗ್ಲೂಕೋಸ್ ಕೊಟ್ಟು ನೋಡುವ ಪರೀಕ್ಷೆ) ಎಂದು ಸ್ಪಷ್ಟವಾಗಿ ಬರೆಸಿ. ಕೊಬ್ಬು ತಿಂದು ಬಂದ ರೋಗಿಯ ಹೃದಯ ಎಫ್‌ಡಿಜಿಯನ್ನು ಮೂಸಿಯೂ ನೋಡದು. ಬದುಕಿರುವ ಗೋಡೆಯೂ ಸತ್ತಂತೆ ಕಾಣುತ್ತದೆ, ಆ ವರದಿ ನಂಬಿ ಬೈಪಾಸ್ ಕೈಬಿಟ್ಟರೆ ಆಗುವ ನಷ್ಟ ಒಂದು ಜೀವ.

ಹಿಂದಿನ ರಾತ್ರಿ ಮುದ್ದೆ, ಸೊಪ್ಪಿನ ಸಾರು, ಅನ್ನ, ಎರಡು ಇಡ್ಲಿ, ಹೀಗೆ ಹಗುರವಾದದ್ದು ತಿಂದರಾಯಿತು. ತುಪ್ಪ, ಕರಿದದ್ದು, ಮಾಂಸದೂಟ ಬೇಡ. ರಾತ್ರಿ 10ಕ್ಕೆ ಊಟ ಮುಗಿಸಿ, ಬೆಳಿಗ್ಗೆ ನೀರು ಬಿಟ್ಟು ಬೇರೇನೂ ಇಲ್ಲ. ನಸುಕಿನಲ್ಲಿ ಕೋಲಾರದಿಂದಲೋ ತುಮಕೂರಿನಿಂದಲೋ ಬಸ್ ಹತ್ತಿ ಬರುವವರು ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿದುಬಿಡುತ್ತಾರೆ. ಹಾಲು, ಸಕ್ಕರೆ ಎರಡೂ ಇರುವ ಆ ಕಾಫಿ ಉಪವಾಸದ ಶುಗರ್ ಲೆಕ್ಕವನ್ನೇ ತಪ್ಪಿಸುತ್ತದೆ. ಮನೆಯವರು ಇದನ್ನು ಮೊದಲೇ ಹೇಳಿಡಬೇಕು.

ಔಷಧಿಗಳಲ್ಲಿ ಮೂರನ್ನು ಕೇಳಿ ತಿಳಿಯಲೇಬೇಕು. ಒಂದು, ಇನ್ಸುಲಿನ್ ಮತ್ತು ಶುಗರ್ ಮಾತ್ರೆ. ಬೆಳಗಿನ ಡೋಸ್ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಕೇಂದ್ರದ ವೈದ್ಯರೇ ಹೇಳಬೇಕು, ನೀವೇ ತೀರ್ಮಾನಿಸಬೇಡಿ. ಎರಡು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಹೃದಯ ಸೋತವರಲ್ಲಿ ಹೆಚ್ಚಿನವರು ಈಗ ಇವನ್ನು ನುಂಗುತ್ತಿರುತ್ತಾರೆ. ಇವು ಉಪವಾಸದಲ್ಲಿ ಕೀಟೋನ್ (ಕೊಬ್ಬು ಕರಗಿ ಹುಟ್ಟುವ ಇಂಧನ) ಏರಿಸುತ್ತವೆ, ಕೀಟೋನ್ ಸಿಕ್ಕ ಹೃದಯ ಗ್ಲೂಕೋಸ್ ಕಡೆ ಅಷ್ಟಾಗಿ ತಿರುಗುವುದಿಲ್ಲ. ಸ್ಕ್ಯಾನ್‌ಗೆ ನಿಲ್ಲಿಸಬೇಕೇ, ಎಷ್ಟು ದಿನ ಮುಂಚೆ ಎಂದು ಹೃದ್ರೋಗ ತಜ್ಞರನ್ನು ಕೇಳಿ. ಮುಂದೆ ಬೈಪಾಸ್ ಗೊತ್ತಾದರೆ ಈ ಎರಡನ್ನೂ ಹೇಗೂ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಮೂರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್. ಇದು ಹೆಚ್ಚಿನವರ ಗಮನಕ್ಕೆ ಬಾರದ ಕಳ್ಳ. ಹೆಪಾರಿನ್ ರಕ್ತದಲ್ಲಿ ಕೊಬ್ಬಿನ ಆಮ್ಲಗಳನ್ನು ಏರಿಸುತ್ತದೆ, ಸಾರ್ಕಾಯ್ಡ್ ಪರೀಕ್ಷೆಗೆ ಅದನ್ನು ಬೇಕೆಂದೇ ಕೊಡುವವರಿದ್ದಾರೆ. ವಾರ್ಡ್‌ನಿಂದ ಹೆಪಾರಿನ್ ಹರಿಯುತ್ತಲೇ ಬಂದ ರೋಗಿಯ ಸ್ಕ್ಯಾನ್ ಮಸುಕಾದರೆ ಅಚ್ಚರಿಯಿಲ್ಲ. ಕ್ಯಾನುಲಾ ತೊಳೆಯಲೂ ಹೆಪಾರಿನ್ ಬೇಡ, ಸಲೈನ್ ಸಾಕು.

ಆ ದಿನದ ಗಡಿಯಾರ

ಎರಡು ಕೈಗೂ ಒಂದೊಂದು ಕ್ಯಾನುಲಾ ಹಾಕಿ. ಒಂದು ಔಷಧಿಗೆ, ಇನ್ನೊಂದು ಶುಗರ್ ನೋಡಲು. ಒಂದೇ ಕೈಯಿಂದ ಗ್ಲೂಕೋಸ್ ಹರಿಸಿ ಅಲ್ಲಿಂದಲೇ ರಕ್ತ ತೆಗೆದರೆ ಶುಗರ್ ಸುಳ್ಳು ಹೇಳುತ್ತದೆ. ಪೊಟ್ಯಾಸಿಯಂ ಎಷ್ಟಿದೆ ಎಂಬುದು ಹಿಂದಿನ ದಿನವೇ ಗೊತ್ತಿರಬೇಕು. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ಎಳೆಯುತ್ತದೆ, ಮೂತ್ರ ಹೆಚ್ಚಿಸುವ ಫ್ರುಸಮೈಡ್ ನುಂಗುವವರಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ, ದುರ್ಬಲ ಹೃದಯದಲ್ಲಿ ಇದು ಬಡಿತ ತಪ್ಪಲು ಸಾಕು.

ಮೊದಲು ರಕ್ತ ಹರಿವಿನ ಚಿತ್ರ. ವಿಕಿರಣ ವಸ್ತು ತಯಾರಿಸುವ ಯಂತ್ರವಾದ ಸೈಕ್ಲೋಟ್ರಾನ್ ಅದೇ ಕಟ್ಟಡದಲ್ಲಿದ್ದರೆ ನೈಟ್ರೋಜನ್-13 ಅಮೋನಿಯಾ ಬಳಸಬಹುದು. ಅದರ ಅರ್ಧಾಯುಷ್ಯ 10 ನಿಮಿಷ, ರಸ್ತೆಗಿಳಿಸುವಂತಿಲ್ಲ. ಅದಿಲ್ಲದ ಕಡೆ ಟೆಕ್ನೀಷಿಯಂ ಸೆಸ್ಟಾಮಿಬಿ ಎಂಬ ಇನ್ನೊಂದು ವಿಕಿರಣ ವಸ್ತು ಕೊಟ್ಟು ಗಾಮಾ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಸೆಸ್ಟಾಮಿಬಿ ಯಾವಾಗಲೂ ಎಫ್‌ಡಿಜಿಗೆ ಮೊದಲೇ ಆಗಬೇಕು. ಫ್ಲೋರಿನ್ ದೇಹದಲ್ಲಿ ಇರುವಾಗ ಅದರ 511 ಕೆಇವಿ ಕಿರಣಗಳು ಟೆಕ್ನೀಷಿಯಂನ ಚಿತ್ರವನ್ನು ಮುಳುಗಿಸಿಬಿಡುತ್ತವೆ. ಬೆಳಿಗ್ಗೆ 7:30ಕ್ಕೆ ಸೆಸ್ಟಾಮಿಬಿ, 8:30ಕ್ಕೆ ಚಿತ್ರ ಎಂದುಕೊಳ್ಳಿ.

9 ಗಂಟೆಗೆ ಗ್ಲೂಕೋಸ್. ಆದರೆ ಒಂದು ಫೋನ್ ಮಾಡದೆ ಗ್ಲೂಕೋಸ್ ಲೋಟ ರೋಗಿಯ ಕೈಗೆ ಕೊಡಬೇಡಿ: ಎಫ್‌ಡಿಜಿ ಎಲ್ಲಿದೆ? ಅದರ ಅರ್ಧಾಯುಷ್ಯ 110 ನಿಮಿಷ. 10 ಮಿಲಿಕ್ಯೂರಿ (ವಿಕಿರಣದ ಅಳತೆ) ಎಂದು ಲೆಕ್ಕಹಾಕಿ ತರಿಸಿದ್ದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡರೆ ಉಳಿಯುವುದು ಸುಮಾರು 6.9. ಎರಡು ಗಂಟೆಯಾದರೆ 4.7. ಕೊಡಬೇಕಾದದ್ದು 5ರಿಂದ 15 ಮಿಲಿಕ್ಯೂರಿ. ಮಾಲು ಕಡಿಮೆಯಾದರೆ ಸ್ಕ್ಯಾನ್ ಸಮಯ ಹೆಚ್ಚಿಸಿ ಹೇಗೋ ನಿಭಾಯಿಸಬಹುದು. ನಿಭಾಯಿಸಲಾಗದ್ದು ಇನ್ನೊಂದಿದೆ: ಗ್ಲೂಕೋಸ್ ಕುಡಿಸಿ, ಇನ್ಸುಲಿನ್ ಕೊಟ್ಟು, ಹೃದಯ ಸಕ್ಕರೆಗಾಗಿ ಬಾಯಿ ತೆರೆದು ಕುಳಿತ ಹೊತ್ತಿನಲ್ಲಿ ವ್ಯಾನ್ ಬಾರದಿದ್ದರೆ ಆ ಹದ ಕಳೆದೇಹೋಗುತ್ತದೆ.

ಗ್ಲೂಕೋಸ್ ಪುಡಿ 25ರಿಂದ 100 ಗ್ರಾಂವರೆಗೆ, ಉಪವಾಸದ ಶುಗರ್ ನೋಡಿ. ಡಯಾಬಿಟಿಸ್ ಇಲ್ಲದವರಿಗೆ 50 ಗ್ರಾಂ ಒಂದು ಲೋಟ ನೀರಿನಲ್ಲಿ ಕದಡಿ, ವಾಕರಿಕೆ ಬರದಂತೆ ನಿಂಬೆ ಹಿಂಡಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ಶುಗರ್ ಮೊದಲೇ ಹೆಚ್ಚಿದ್ದವರಿಗೆ ಕಡಿಮೆ ಗ್ಲೂಕೋಸ್, ಹೆಚ್ಚು ಇನ್ಸುಲಿನ್. 45–60 ನಿಮಿಷದ ನಂತರ ಶುಗರ್ ನೋಡಿ. ಹೆಚ್ಚಿನ ಕೇಂದ್ರಗಳು ಅನುಸರಿಸುವ ಪಟ್ಟಿಯಲ್ಲಿ, ನರದ ಮೂಲಕ ಕೊಡುವ ರೆಗ್ಯುಲರ್ ಇನ್ಸುಲಿನ್ ಲೆಕ್ಕ ಹೀಗಿದೆ: 130–140 ಇದ್ದರೆ 1 ಯೂನಿಟ್, 140–160 ಇದ್ದರೆ 2, 160–180 ಇದ್ದರೆ 3, 180–200 ಇದ್ದರೆ 5. 200 ದಾಟಿದರೆ ಪಟ್ಟಿ ಮುಚ್ಚಿಟ್ಟು ವೈದ್ಯರನ್ನು ಕರೆಯಿರಿ. ವಯಸ್ಸಾದವರಲ್ಲಿ, ಕಿಡ್ನಿ ಸೋತವರಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ನಿಲ್ಲುತ್ತದೆ, ಡೋಸ್ ಇಳಿಸಬೇಕು.

ಡಯಾಬಿಟಿಸ್ ರೋಗಿಯೊಬ್ಬರದು ಹೀಗೆ ನಡೆಯುತ್ತದೆ ಎನ್ನಿ. ಉಪವಾಸದಲ್ಲಿ 138. 25 ಗ್ರಾಂ ಗ್ಲೂಕೋಸ್ ಕೊಟ್ಟು 45 ನಿಮಿಷಕ್ಕೆ 192. 5 ಯೂನಿಟ್. 15 ನಿಮಿಷ ಬಿಟ್ಟು 171. 3 ಯೂನಿಟ್. ಮತ್ತೆ 15 ನಿಮಿಷಕ್ಕೆ 134, ಇಳಿಮುಖ. ಈಗ ಎಫ್‌ಡಿಜಿ. ಬೇಕಾದದ್ದು ಸುಮಾರು 100ರಿಂದ 140ರ ನಡುವೆ, ಅದೂ ಇಳಿಯುತ್ತಿರುವಾಗ, ಏಕೆಂದರೆ ಇಳಿಯುತ್ತಿದೆ ಎಂದರೆ ಇನ್ಸುಲಿನ್ ಕೆಲಸ ಮಾಡುತ್ತಿದೆ ಎಂದರ್ಥ. ಇಷ್ಟು ಮಾಡಿಯೂ ಶುಗರ್ ಹದಕ್ಕೆ ಬಾರದವರಿಗೆ ಕ್ಲ್ಯಾಂಪ್ ಎಂಬ ವಿಧಾನವಿದೆ: ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ 20% ಡೆಕ್ಸ್ಟ್ರೋಸ್ ಮತ್ತು ಪೊಟ್ಯಾಸಿಯಂ ಒಟ್ಟಿಗೆ ಹರಿಸಿ, ಐದು ಹತ್ತು ನಿಮಿಷಕ್ಕೊಮ್ಮೆ ಶುಗರ್ ನೋಡುತ್ತಾ ಡೆಕ್ಸ್ಟ್ರೋಸ್ ಹೆಚ್ಚುಕಡಿಮೆ ಮಾಡುವುದು. ಚಿತ್ರ ಸೊಗಸಾಗಿ ಬರುತ್ತದೆ, ಆದರೆ ಒಬ್ಬ ಸಿಸ್ಟರ್ ಎರಡು ಗಂಟೆ ಆ ಹಾಸಿಗೆ ಬಿಟ್ಟು ಕದಲುವಂತಿಲ್ಲ.

ಎಫ್‌ಡಿಜಿ ಕೊಟ್ಟು ಡಯಾಬಿಟಿಸ್ ಇಲ್ಲದವರಿಗೆ 45–60 ನಿಮಿಷ, ಇದ್ದವರಿಗೆ 90 ನಿಮಿಷ ಕಾದು ಸ್ಕ್ಯಾನ್. ಚಿತ್ರ ತೆಗೆಯಲು 10ರಿಂದ 30 ನಿಮಿಷ ಹಿಡಿಯುತ್ತದೆ. ರೋಗಿ ಮೇಜಿನಿಂದ ಇಳಿಯುವ ಮುನ್ನ ಚಿತ್ರ ನೋಡಲೇಬೇಕು. ಹೃದಯದ ಕೋಣೆಯೊಳಗಿನ ರಕ್ತ ಹೊಳೆಯುತ್ತಿದ್ದು ಗೋಡೆಯೆಲ್ಲ ಮಸುಕಾಗಿದ್ದರೆ ಅದು ಸತ್ತ ಹೃದಯವಲ್ಲ, ಸೋತ ತಯಾರಿ. ಶುಗರ್ ನೋಡಿ ಇನ್ನಷ್ಟು ಇನ್ಸುಲಿನ್ ಕೊಟ್ಟು ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಮತ್ತೆ ತೆಗೆಯಿರಿ. ಮನೆಗೆ ಕಳಿಸುವ ಮುಂಚೆ ಊಟ ಮಾಡಿಸಿ, ಶುಗರ್ ಇನ್ನೊಮ್ಮೆ ನೋಡಿ. ಬೆವರು, ಕೈನಡುಕ ಬಸ್‌ಸ್ಟಾಂಡ್‌ನಲ್ಲಿ ಶುರುವಾಗಬಾರದು. ಬೀಟಾ ಬ್ಲಾಕರ್ ನುಂಗುವವರಲ್ಲಿ ನಡುಕ, ಎದೆಬಡಿತ ಗೊತ್ತಾಗದೆಯೂ ಶುಗರ್ ಕುಸಿಯಬಹುದು.

ಚಿತ್ರ ಓದುವುದು

ಎಡ ಹೃತ್ಕುಕ್ಷಿಯನ್ನು ಅಡ್ಡಲಾಗಿ ಕತ್ತರಿಸಿದ ಚೂರುಗಳು ಪರದೆಯ ಮೇಲೆ ಉದ್ದಿನ ವಡೆಗಳ ಸಾಲಿನಂತೆ ಕಾಣುತ್ತವೆ, ನಡುವೆ ತೂತು, ಸುತ್ತ ಹೊಳೆಯುವ ಉಂಗುರ. ಮೇಲಿನ ಸಾಲು ರಕ್ತ, ಕೆಳಗಿನ ಸಾಲು ಸಕ್ಕರೆ. ಮೇಲಿನ ಸಾಲಿನಲ್ಲಿ ವಡೆಯ ಒಂದು ಬದಿ ಕಚ್ಚಿ ತೆಗೆದಂತಿದ್ದು, ಕೆಳಗಿನ ಸಾಲಿನಲ್ಲಿ ಅದೇ ಜಾಗ ತುಂಬಿಕೊಂಡಿದ್ದರೆ ಅದೇ ಮಿಸ್‌ಮ್ಯಾಚ್, ಮಲಗಿರುವ ಸ್ನಾಯು. ಎರಡೂ ಸಾಲಿನಲ್ಲಿ ಒಂದೇ ಜಾಗ ಖಾಲಿ, ಹೊಳಪು ಅರ್ಧಕ್ಕಿಂತ ಕಡಿಮೆ ಎಂದರೆ ಗೋಡೆಯ ಪೂರ್ತಿ ದಪ್ಪಕ್ಕೂ ಕಲೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆಯಾಗಿದ್ದರೆ ಅರೆಬರೆ ಕಲೆ, ಅಲ್ಲಿ ಸತ್ತದ್ದೂ ಬದುಕಿದ್ದೂ ಬೆರೆತಿವೆ.

ಸಕ್ಕರೆ ಚಿತ್ರದ ಹೊಳಪನ್ನು ರಕ್ತ ಅತಿ ಚೆನ್ನಾಗಿ ಹರಿಯುವ ಜಾಗಕ್ಕೆ ಹೋಲಿಸಿ ಅಳೆಯಬೇಕು, ಸಕ್ಕರೆ ಹೆಚ್ಚು ತಿಂದ ಜಾಗಕ್ಕಲ್ಲ. ಮಲಗಿರುವ ಗೋಡೆ ಕೆಲವೊಮ್ಮೆ ಆರೋಗ್ಯವಂತ ಗೋಡೆಗಿಂತ ಹೆಚ್ಚು ಹೊಳೆಯುತ್ತದೆ. ಅದನ್ನೇ ನೂರು ಎಂದಿಟ್ಟುಕೊಂಡರೆ ಚೆನ್ನಾಗಿರುವ ಗೋಡೆ ಕಾಯಿಲೆ ಬಿದ್ದಂತೆ ಕಾಣುತ್ತದೆ.

ಸುಳ್ಳು ಮಿಸ್‌ಮ್ಯಾಚ್ ಹುಟ್ಟುವ ದೊಡ್ಡ ಜಾಗ ಕೆಳಗೋಡೆ. ಗಾಮಾ ಕ್ಯಾಮೆರಾದ ಸೆಸ್ಟಾಮಿಬಿ ಚಿತ್ರದಲ್ಲಿ ವಪೆ ಅಡ್ಡ ಬಂದು ಕೆಳಗೋಡೆ ಮಸುಕಾಗುತ್ತದೆ, ಹೆಂಗಸರಲ್ಲಿ ಸ್ತನದ ನೆರಳು ಮುಂಗೋಡೆಯ ಮೇಲೆ ಬೀಳುತ್ತದೆ. ಪೆಟ್ ಚಿತ್ರದಲ್ಲಿ ಸಿಟಿಯಿಂದ ಆ ಮಸುಕನ್ನು ಸರಿಪಡಿಸಿರುತ್ತಾರೆ. ಸರಿಪಡಿಸದ ಒಂದನ್ನು, ಸರಿಪಡಿಸಿದ ಇನ್ನೊಂದರ ಪಕ್ಕ ಇಟ್ಟರೆ ಏನೂ ಆಗದ ಕೆಳಗೋಡೆ ಮಲಗಿರುವ ಸ್ನಾಯುವಿನಂತೆ ತೋರುತ್ತದೆ. ಸಿಟಿ ಸಹಿತ ಸ್ಪೆಕ್ಟ್ (ಗಾಮಾ ಕ್ಯಾಮೆರಾ ಸುತ್ತ ತಿರುಗಿ ತೆಗೆಯುವ ಚಿತ್ರ) ತೆಗೆಸಿ, ಇಲ್ಲವೇ ಬೋರಲು ಮಲಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಎಕೋದಲ್ಲಿ ಆ ಗೋಡೆ ಚೆನ್ನಾಗಿ ದಪ್ಪವಾಗಿ ಕುಗ್ಗುತ್ತಿದ್ದರೆ ಅದು ಮಲಗಿಯೇ ಇಲ್ಲ.

ಪಕ್ಕದ ಗೋಡೆಗೆ ಬೇರೆ ಮೋಸವಿದೆ. ಸಿಟಿ ತೆಗೆದಾಗಲೂ ಪೆಟ್ ತೆಗೆದಾಗಲೂ ಉಸಿರಾಟ ಒಂದೇ ಹದದಲ್ಲಿ ಇರದಿದ್ದರೆ ಹೃದಯದ ಅಂಚು ಶ್ವಾಸಕೋಶದ ಮೇಲೆ ಬಿದ್ದು, ಇಲ್ಲದ ಕೊರತೆ ತೋರುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, ತಾಳೆಯಾಗದಿದ್ದರೆ ಜರುಗಿಸಿ ಮತ್ತೆ ಲೆಕ್ಕ ಹಾಕಿಸಿ. ಇಸಿಜಿಯಲ್ಲಿ ಎಲ್‌ಬಿಬಿಬಿ (ಹೃದಯದ ಎಡ ವಿದ್ಯುತ್ ಹಾದಿಯಲ್ಲಿ ತಡೆ) ಇರುವವರಲ್ಲಿ ನಡುಗೋಡೆ ರಕ್ತ ಪಡೆದೂ ಸಕ್ಕರೆ ಕಡಿಮೆ ತಿನ್ನುತ್ತದೆ. ಅದು ಕಲೆಯಲ್ಲ.

ಸ್ಕ್ಯಾನ್‌ನಿಂದ ತೀರ್ಮಾನಕ್ಕೆ

ಹೃದಯವನ್ನು 17 ಭಾಗ ಮಾಡಿ ನೋಡುತ್ತಾರೆ, ಒಂದು ಭಾಗ ಸುಮಾರು 6%. ಮಿಸ್‌ಮ್ಯಾಚ್ ಎಡ ಹೃತ್ಕುಕ್ಷಿಯ 7–10% ದಾಟಿದರೆ ರಕ್ತ ಹರಿಸುವುದರಿಂದ ಲಾಭ ಕಾಣತೊಡಗುತ್ತದೆ ಎಂದು ಅಧ್ಯಯನಗಳು ಹೇಳಿವೆ. ಇಎಫ್ ಕಣ್ಣಿಗೆ ಕಾಣುವಷ್ಟು ಏರಲು ಸಾಮಾನ್ಯವಾಗಿ ನಾಲ್ಕು ಭಾಗವಾದರೂ ಬದುಕಿರಬೇಕು. ಆದರೆ ಬರೀ ಪ್ರಮಾಣ ನೋಡಿ ಕತ್ತಿ ಎತ್ತುವಂತಿಲ್ಲ. ವರದಿಯನ್ನು ಆಂಜಿಯೋಗ್ರಾಮ್ ಸಿಡಿಯ ಪಕ್ಕದಲ್ಲೇ ಇಟ್ಟು ಗೋಡೆ ಗೋಡೆಯಾಗಿ ಕೇಳಬೇಕು: ಈ ಮಲಗಿರುವ ಗೋಡೆಗೆ ರಕ್ತ ತರುವ ನಾಳ ಯಾವುದು? ಬ್ಲಾಕ್ ದಾಟಿದ ಮೇಲೆ ಅದು ಹೊಲಿಗೆ ಹಿಡಿಯುವಷ್ಟು, ಅಂದರೆ 1.5 ಮಿಲಿಮೀಟರ್ ಆಸುಪಾಸು, ಅಗಲವಿದೆಯೇ?

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಇಎಫ್ 28, ಎಲ್‌ಎಡಿ (ಮುಂಗೋಡೆಗೆ ರಕ್ತ ತರುವ ನಾಳ) ಪೂರ್ತಿ ಮುಚ್ಚಿದೆ, ಮುಂಗೋಡೆ ಮತ್ತು ತುದಿಯ ಐದು ಭಾಗಗಳಲ್ಲಿ ಮಿಸ್‌ಮ್ಯಾಚ್, ಎಲ್‌ಎಡಿಯ ಕೆಳಭಾಗ ಪಕ್ಕದ ನಾಳಗಳಿಂದ ತುಂಬಿ ಒಳ್ಳೆಯ ಗಾತ್ರದಲ್ಲಿದೆ. ಎದೆಯೊಳಗಿನ ಧಮನಿಯನ್ನು ಅಲ್ಲಿಗೆ ಜೋಡಿಸಿದರೆ ಆ ಗೋಡೆ ಏಳುವ ಆಸೆ ಗಟ್ಟಿಯಾಗಿದೆ. ಇನ್ನೊಬ್ಬರ ಇಎಫ್ 25, ತುದಿಯ ಗೋಡೆ 4 ಮಿಲಿಮೀಟರ್‌ಗೆ ತೆಳುವಾಗಿ ಉಬ್ಬಿದೆ, ಆರು ಭಾಗಗಳಲ್ಲಿ ಎರಡೂ ಚಿತ್ರ ಖಾಲಿ, ಮಿಸ್‌ಮ್ಯಾಚ್ ಇರುವುದು ಪಕ್ಕದ ಗೋಡೆಯ ಒಂದೇ ಭಾಗದಲ್ಲಿ, ಅದರ ನಾಳವೋ ದಾರದಂತೆ ಉದ್ದಕ್ಕೂ ಸವೆದಿದೆ. ಇವರಿಗೆ ಔಷಧಿ, ಬೇಕಿದ್ದರೆ ಎಐಸಿಡಿಯ ದಾರಿ ಮೇಲು. ಎಕೋದಲ್ಲಿ ಗೋಡೆ 6 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ, ಹೃದಯ ಕುಗ್ಗಿದ ಕೊನೆಗೂ ಒಳಗೆ 140 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಉಳಿಯುತ್ತಿದ್ದರೆ ಚೇತರಿಕೆ ಕಷ್ಟ, ಪೆಟ್ ಏನೇ ಹೇಳಲಿ.

ಈ ಪರೀಕ್ಷೆಯ ಮಿತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆನಡಾದ ತಂಡವೊಂದು 430 ರೋಗಿಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪಾರ್-2 ಅಧ್ಯಯನದಲ್ಲಿ, ಪೆಟ್ ನೋಡಿ ನಡೆದವರಿಗೂ ನೋಡದವರಿಗೂ ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸುಮಾರು ಕಾಲುಭಾಗ ರೋಗಿಗಳಲ್ಲಿ ಪೆಟ್ ಸೂಚಿಸಿದ್ದನ್ನು ವೈದ್ಯರು ಪಾಲಿಸಿರಲಿಲ್ಲ, ಪಾಲಿಸಿದವರಲ್ಲಿ ಲಾಭ ಕಂಡಿತು. ಇಎಫ್ 35 ಮತ್ತು ಅದಕ್ಕಿಂತ ಕಡಿಮೆ ಇದ್ದ 1212 ರೋಗಿಗಳ ಸ್ಟಿಚ್ ಅಧ್ಯಯನದಲ್ಲಿ ಬೈಪಾಸ್‌ನ ಲಾಭ ಹತ್ತು ವರ್ಷಕ್ಕೆ ಎದ್ದು ಕಂಡಿತು: ಬೈಪಾಸ್ ಗುಂಪಿನಲ್ಲಿ 58.9%, ಬರೀ ಔಷಧಿಯ ಗುಂಪಿನಲ್ಲಿ 66.1% ಮಂದಿ ತೀರಿಕೊಂಡಿದ್ದರು. ಅದೇ ಅಧ್ಯಯನದಲ್ಲಿ ಜೀವವಿರುವ ಸ್ನಾಯು ಇದೆಯೋ ಇಲ್ಲವೋ ಎಂಬುದು ಬೈಪಾಸ್‌ನಿಂದ ಯಾರಿಗೆ ಲಾಭ ಎಂದು ಹೇಳಲಿಲ್ಲ. ಆದರೆ ಅಲ್ಲಿ ಬಳಸಿದ್ದು ಸ್ಪೆಕ್ಟ್ ಮತ್ತು ಡೊಬುಟಮಿನ್ ಎಕೋ (ಹೃದಯವನ್ನು ಚುರುಕುಗೊಳಿಸುವ ಔಷಧಿ ಕೊಟ್ಟು ಮಾಡುವ ಎಕೋ), ಪೆಟ್ ಅಲ್ಲ. 2022ರ ರಿವೈವ್ಡ್ ಅಧ್ಯಯನದಲ್ಲಿ ಇಂಥ ಹೃದಯಗಳಿಗೆ ಸ್ಟೆಂಟ್ ಹಾಕಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಹಾಗಾಗಿ ಪೆಟ್ ವರದಿ ಒಂದನ್ನೇ ಹಿಡಿದು ‘ಮಿಸ್‌ಮ್ಯಾಚ್ ಇಲ್ಲ, ಆಪರೇಷನ್ ಬೇಡ’ ಎಂದು ಬಾಗಿಲು ಮುಚ್ಚುವುದು ಸರಿಯಲ್ಲ. ಪಕ್ಕದ ಗೋಡೆಗಳಿಗೆ ಮುಂದೆ ಆಗಬಹುದಾದ ಅಟ್ಯಾಕ್ ತಪ್ಪಿಸುವುದೂ ಬೈಪಾಸ್‌ನ ಕೆಲಸವೇ. ಕಿಡ್ನಿ, ಶ್ವಾಸಕೋಶ, ಮೈಟ್ರಲ್ ಕವಾಟದ ಸೋರಿಕೆ, ಬಲ ಹೃತ್ಕುಕ್ಷಿಯ ಬಲ, ಇವೆಲ್ಲ ಪೆಟ್ ಚಿತ್ರದ ಹೊರಗೇ ಉಳಿಯುತ್ತವೆ. ಹೃದ್ರೋಗ ತಜ್ಞರು, ಸರ್ಜನ್, ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು ಒಂದೇ ಮೇಜಿನ ಸುತ್ತ ಕೂತು ಇವನ್ನೆಲ್ಲ ಒಟ್ಟಿಗೆ ನೋಡಿದರೇ ಒಳ್ಳೆಯದು. ಮನೆಯವರು ಅದನ್ನು ಕೇಳಿ ಪಡೆಯಬಹುದು.

ಮಿಸ್‌ಮ್ಯಾಚ್ ದೊಡ್ಡದಿದ್ದು ಬೈಪಾಸ್ ಎಂದು ತೀರ್ಮಾನವಾದ ಮೇಲೆ ಹಬ್ಬ ಮುಗಿಯಲಿ, ಮದುವೆ ಆಗಲಿ ಎಂದು ಮುಂದೂಡಬೇಡಿ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್‌ನಲ್ಲಿ ಜೀವವಿರುವ ಸ್ನಾಯು ಕಂಡವರ ಪೈಕಿ 35 ದಿನಕ್ಕಿಂತ ಹೆಚ್ಚು ಕಾದವರಲ್ಲಿ ಸಾವು ಹೆಚ್ಚಿತ್ತು. ಅರೆಹೊಟ್ಟೆಯ ಸ್ನಾಯು ಹಾಗೇ ಕಾಯುತ್ತಾ ಕೂರುವುದಿಲ್ಲ, ನಿಧಾನಕ್ಕೆ ನಾರುಗಟ್ಟುತ್ತದೆ, ನಡುವೆ ಬಡಿತ ತಪ್ಪಿಸಿ ದಿಢೀರನೆ ಜೀವವನ್ನೂ ತೆಗೆದೀತು.

ಬೈಪಾಸ್ ಆದ ಮೇಲೆ ಮೊದಲ ತಿಂಗಳ ಎಕೋದಲ್ಲಿ ಇಎಫ್ ಏರಿಲ್ಲವೆಂದು ಎದೆಗುಂದಬೇಡಿ. ಬಹುಕಾಲ ಮಲಗಿದ್ದ ಸ್ನಾಯುವಿನೊಳಗೆ ಕುಗ್ಗುವ ಎಳೆಗಳೇ ಕರಗಿಹೋಗಿರುತ್ತವೆ, ಅವು ಮತ್ತೆ ಕಟ್ಟಿಕೊಳ್ಳಬೇಕು. ಕೆಲವು ಗೋಡೆಗಳು ಮೂರು ತಿಂಗಳಲ್ಲಿ ಏಳುತ್ತವೆ, ಕೆಲವಕ್ಕೆ ಒಂದು ವರ್ಷವೂ ಹಿಡಿಯುತ್ತದೆ. ಅಲ್ಲಿಯವರೆಗೆ ಹೃದಯ ಸೋಲಿನ ಔಷಧಿಗಳಲ್ಲಿ ಒಂದನ್ನೂ ಬಿಡದೆ ಮುಂದುವರಿಸಿ. ಮೂರು ತಿಂಗಳಿಗೊಂದು, ವರ್ಷಕ್ಕೊಂದು ಎಕೋವನ್ನು ಅದೇ ಕೇಂದ್ರದಲ್ಲಿ ಮಾಡಿಸಿ, ಪೆಟ್ ಮಿಸ್‌ಮ್ಯಾಚ್ ತೋರಿಸಿದ್ದ ಗೋಡೆಯ ಹೆಸರು ಹೇಳಿ ಅದು ಈಗ ಅಲುಗಾಡುತ್ತಿದೆಯೇ ಎಂದು ನೋಡಿಸಿ.